ಒಂದೇ ನಾಣ್ಯ, ಹಲವು ಖಜಾನೆ

1966ರ ಜೂನ್ 6ರಂದು ರೂಪಾಯಿಯ ಬೆಲೆ ಬಿತ್ತು. ಅಲ್ಲಿಯವರೆಗೆ ಒಂದು ಡಾಲರ್ ಕೊಳ್ಳಲು 4 ರೂಪಾಯಿ 76 ಪೈಸೆ ಸಾಕಿತ್ತು. ಅಂದಿನಿಂದ 7 ರೂಪಾಯಿ 50 ಪೈಸೆ ಬೇಕಾಯಿತು. ಪಾಕಿಸ್ತಾನದ ಜೊತೆಗಿನ ಯುದ್ಧ ಮುಗಿದು ವರ್ಷವಾಗಿರಲಿಲ್ಲ, ಮಳೆ ಕೈಕೊಟ್ಟಿತ್ತು, ವಿದೇಶಿ ವಿನಿಮಯ ಬರಿದಾಗುತ್ತಿತ್ತು. ದೆಹಲಿಗೆ ತನ್ನದೇ ಕಾರಣಗಳಿದ್ದವು. ಆದರೆ ಆ ಏಟು ದುಬೈ, ದೋಹಾಗಳ ಅಂಗಡಿಕಾರರ ಗಲ್ಲಾಪೆಟ್ಟಿಗೆಗೂ ಬಿತ್ತು. ಯಾಕೆಂದರೆ ಆ ಪೆಟ್ಟಿಗೆಯಲ್ಲಿದ್ದದ್ದೂ ರೂಪಾಯಿಯೇ.

ಇವತ್ತು ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಕೊಲ್ಲಿಯಿಂದ ಬರುವ ದಿರ್ಹಂ, ರಿಯಾಲ್, ದಿನಾರ್‌ಗಳಿಂದ. ಆ ನಾಡುಗಳು ಈ ನಾಣ್ಯಗಳನ್ನು ತಮ್ಮದಾಗಿಸಿಕೊಂಡು ಇನ್ನೂ ಎಪ್ಪತ್ತು ವರ್ಷ ಆಗಿಲ್ಲ. ಅದಕ್ಕೂ ಮೊದಲು ಕುವೈತ್, ಬಹ್ರೇನ್, ಕತಾರ್, ಇಂದಿನ ಯುಎಇ, ಒಮಾನ್‌ಗಳಲ್ಲಿ ಭಾರತದ ರೂಪಾಯಿ ಓಡುತ್ತಿತ್ತು. ಕಳ್ಳದಾರಿಯಲ್ಲಿ ಚಿನ್ನ ಇಲ್ಲಿಗೆ ಬಂದು, ರೂಪಾಯಿ ಅಲ್ಲಿಗೆ ಹೋಗಿ, ಹಾಗೆ ಹೋದ ರೂಪಾಯಿಗೆ ಪ್ರತಿಯಾಗಿ ಭಾರತ ಪೌಂಡ್ ಕೊಡಬೇಕಾಗಿ ಬಂದಾಗ, 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. ಆ ನೋಟು ಭಾರತದೊಳಗೆ ನಡೆಯುತ್ತಿರಲಿಲ್ಲ, ಬೆಲೆ ಮಾತ್ರ ಒಂದೇ. ಕುವೈತ್ 1961ರಲ್ಲಿ, ಬಹ್ರೇನ್ 1965ರಲ್ಲಿ ಸ್ವಂತ ದಿನಾರ್ ಮಾಡಿಕೊಂಡು ಹೊರಬಂದವು. ಉಳಿದವರಿಗೆ 1966ರ ಜೂನ್ ಪಾಠ ಕಲಿಸಿತು. ಸಾವಿರ ರೂಪಾಯಿ ಕೂಡಿಟ್ಟಿದ್ದ ದೋಹಾದ ವ್ಯಾಪಾರಿಯ ಗಂಟನ್ನು ಲೆಕ್ಕ ಹಾಕಿ ನೋಡಿ: 210 ಡಾಲರ್ ಬಾಳುತ್ತಿದ್ದದ್ದು ಬೆಳಗಾಗುವಷ್ಟರಲ್ಲಿ 133 ಡಾಲರ್. ಅವನನ್ನು ಯಾರೂ ಕೇಳಿರಲಿಲ್ಲ, ಅವನ ಅಮೀರನನ್ನೂ ಕೇಳಿರಲಿಲ್ಲ. ಅದೇ ವರ್ಷ ಕತಾರ್ ಮತ್ತು ದುಬೈ ಸೇರಿ ತಮ್ಮದೇ ರಿಯಾಲ್ ತಂದವು, ಅಬುಧಾಬಿ ಬಹ್ರೇನಿನ ದಿನಾರ್ ಹಿಡಿಯಿತು. ಒಮಾನ್ 1970ರವರೆಗೆ ರೂಪಾಯಿಯಲ್ಲೇ ಉಳಿಯಿತು.

ಹಲವು ದೇಶಗಳು ಒಂದೇ ನಾಣ್ಯ ಇಟ್ಟುಕೊಂಡರೆ ಕಷ್ಟಕಾಲದಲ್ಲಿ ಅದು ಉಳಿಯುತ್ತದೆಯೇ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಯೂರೋ ಕಡೆ ನೋಡುತ್ತಾರೆ. ನೋಡಬೇಕಾದದ್ದೇ. ಆದರೆ ನಮ್ಮ ರೂಪಾಯಿಯೇ ಒಮ್ಮೆ ಇಂಥ ನಾಣ್ಯವಾಗಿತ್ತು, ಅದನ್ನು ಹಂಚಿಕೊಂಡವರಲ್ಲಿ ಹಲವರು ಒಂದು ಬಿಕ್ಕಟ್ಟಿಗೇ ಬಿಟ್ಟು ಹೋದರು ಎಂಬುದು ನೆನಪಿದ್ದರೆ ಯೂರೋ ಕಥೆ ಸುಲಭವಾಗಿ ಅರ್ಥವಾಗುತ್ತದೆ. ಕೊಲ್ಲಿಯ ದೇಶಗಳಿಗೆ ರೂಪಾಯಿಯಲ್ಲಿ ಪಾಲಿತ್ತು, ರೂಪಾಯಿಯ ತೀರ್ಮಾನದಲ್ಲಿ ಇರಲಿಲ್ಲ. ಯೂರೋ ಕಟ್ಟಿದವರು ತೀರ್ಮಾನವನ್ನೂ ಹಂಚಿಕೊಂಡರು. ಸಾಲವನ್ನು ಮತ್ತು ನಷ್ಟವನ್ನು ಮಾತ್ರ ಹಂಚಿಕೊಳ್ಳಲಿಲ್ಲ. ಹತ್ತು ವರ್ಷದ ಮೇಲೆ ಅದು ಬಿಸಿ ಮುಟ್ಟಿಸಿತು.

ನಾಣ್ಯ ಬಿಟ್ಟುಕೊಟ್ಟ ದೇಶ ಏನು ಕಳೆದುಕೊಳ್ಳುತ್ತದೆ?

ಏಥೆನ್ಸಿನ ಹತ್ತಿರದ ಯಾವುದಾದರೂ ದ್ವೀಪದಲ್ಲಿ ಒಂದು ಸಣ್ಣ ಹೋಟೆಲ್ ಇದೆ ಎಂದಿಟ್ಟುಕೊಳ್ಳಿ. ಗ್ರೀಸ್ 2001ರಲ್ಲಿ ಯೂರೋ ಸೇರಿದಾಗ ಒಂದು ಯೂರೋಗೆ 340.75 ಡ್ರಾಕ್ಮಾ ಎಂದು ನಿಗದಿಯಾಯಿತು. ಹಾಗಾಗಿ ದಿನಕ್ಕೆ 34,000 ಡ್ರಾಕ್ಮಾ ಬಾಡಿಗೆಯ ಕೋಣೆ ಸುಮಾರು 100 ಯೂರೋ ಆಯಿತು. ಈಗ ಗ್ರೀಸಿನ ವ್ಯವಹಾರ ಕುಸಿಯಿತು, ಪ್ರವಾಸಿಗರು ಟರ್ಕಿಯ ಕಡೆ ಹೊರಳಿದರು ಎನ್ನೋಣ. ಡ್ರಾಕ್ಮಾ ಇದ್ದಿದ್ದರೆ ಅದರ ಬೆಲೆ ತಾನಾಗಿಯೇ ಜಾರುತ್ತಿತ್ತು. ಹೋಟೆಲಿನವನು ಬೋರ್ಡಿನ ಮೇಲಿನ 34,000ವನ್ನು ಅಳಿಸಬೇಕಾಗಿರಲಿಲ್ಲ, ಅಡುಗೆಯವನ ಸಂಬಳ ಕಡಿತ ಮಾಡಬೇಕಾಗಿರಲಿಲ್ಲ. ಜರ್ಮನಿಯಿಂದ ಬಂದವನಿಗೆ ಅದೇ ಕೋಣೆ 70 ಯೂರೋಗೆ ಬಿದ್ದಂತಾಗುತ್ತಿತ್ತು. ಪೆಟ್ರೋಲ್, ಔಷಧಿ ತುಟ್ಟಿಯಾಗುತ್ತಿದ್ದವು ನಿಜ. ಆ ಸಂಕಟವನ್ನು ಇಡೀ ದೇಶ ಒಂದೇ ಸಲ, ಅಷ್ಟಿಷ್ಟು ಹಂಚಿಕೊಂಡು ಅನುಭವಿಸುತ್ತಿತ್ತು.

ಯೂರೋದಲ್ಲಿ ಈ ದಾರಿ ಇಲ್ಲ. ಬಾಡಿಗೆ 70 ಯೂರೋಗೆ ಇಳಿಯಬೇಕಾದರೆ ಹೋಟೆಲಿನವನೇ ಇಳಿಸಬೇಕು. ಅದಕ್ಕೆ ಅಡುಗೆಯವನ ಸಂಬಳ ಇಳಿಯಬೇಕು, ತರಕಾರಿಯವನ ದರ ಇಳಿಯಬೇಕು, ಅಡುಗೆಯವನು ಕೊಡುವ ಮನೆ ಬಾಡಿಗೆ ಇಳಿಯಬೇಕು. ಪ್ರತಿಯೊಂದೂ ಒಂದೊಂದು ಜಗಳ. ಇದಕ್ಕೆ ಅರ್ಥಶಾಸ್ತ್ರಜ್ಞರು ಆಂತರಿಕ ಅಪಮೌಲ್ಯ ಎಂದು ಹೆಸರಿಟ್ಟಿದ್ದಾರೆ. ಆ ಹೆಸರಿನೊಳಗೆ ಮರೆಯಾಗುವ ಒಂದು ಕ್ರೂರ ಸಂಗತಿ ಇದೆ: ಎಲ್ಲವೂ ಇಳಿದರೂ ಸಾಲ ಇಳಿಯುವುದಿಲ್ಲ. ಸಂಬಳ 1,000 ಯೂರೋ ಇದ್ದಾಗ ತಿಂಗಳಿಗೆ 400 ಯೂರೋ ಕಂತು ಒಪ್ಪಿಕೊಂಡವನು ಸಂಬಳ 750ಕ್ಕೆ ಇಳಿದ ಮೇಲೂ 400ನ್ನೇ ಕಟ್ಟಬೇಕು. ದೇಶದ ಲೆಕ್ಕವೂ ಇದೇ. ಜಿಡಿಪಿ ಕುಗ್ಗುತ್ತದೆ, ಸಾಲ ನಿಂತಲ್ಲೇ ನಿಂತಿರುತ್ತದೆ, ಜಿಡಿಪಿಗೆ ಹೋಲಿಸಿದರೆ ಅದು ಬೆಳೆದೇ ಬೆಳೆಯುತ್ತದೆ.

ಕೆನಡಾದ ರಾಬರ್ಟ್ ಮಂಡೆಲ್ 1961ರಲ್ಲೇ ಇದನ್ನು ಯೋಚಿಸಿದ್ದರು. ಯಾವ ಪ್ರದೇಶಗಳು ಒಂದೇ ನಾಣ್ಯ ಇಟ್ಟುಕೊಂಡು ಸುಖವಾಗಿರಬಲ್ಲವು ಎಂಬುದು ಅವರ ಪ್ರಶ್ನೆ. ಒಂದು ಕಡೆ ಕೆಲಸ ಹೋದರೆ ಇನ್ನೊಂದು ಕಡೆಗೆ ಜನ ಸಲೀಸಾಗಿ ಹೋಗಿ ದುಡಿಯುವಂತಿದ್ದರೆ ನಡೆಯುತ್ತದೆ ಎಂದರು. ಅವರ ನಂತರ ಬಂದವರು ಇನ್ನೊಂದು ಮಾತು ಸೇರಿಸಿದರು: ಚೆನ್ನಾಗಿರುವ ಕಡೆಯಿಂದ ಸೋತಿರುವ ಕಡೆಗೆ ತೆರಿಗೆ ಹಣ ಹರಿಯುವ ಕಾಲುವೆ ಬೇಕು.

ಈ ಎರಡೂ ಭಾರತದಲ್ಲಿ ಇವೆ. ರೂಪಾಯಿ ಕೂಡ ಒಂದು ಲೆಕ್ಕದಲ್ಲಿ ಹಂಚಿಕೊಂಡ ನಾಣ್ಯವೇ. ಬಿಹಾರಕ್ಕೂ ಕರ್ನಾಟಕಕ್ಕೂ ಆರ್ಥಿಕವಾಗಿ ಇರುವ ಅಂತರ ಗ್ರೀಸ್, ಜರ್ಮನಿಗಳ ನಡುವಿನದಕ್ಕಿಂತ ದೊಡ್ಡದು. ಮಳೆ ಹೋದ ವರ್ಷ ರಾಯಚೂರು, ಯಾದಗಿರಿಯ ಕುಟುಂಬಗಳು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಬರುತ್ತವೆ, ಬಿಹಾರದವರೂ ಬರುತ್ತಾರೆ. ರಾಜ್ಯಗಳಿಗೆ ಪಾಲು ಹಂಚಲು ಹಣಕಾಸು ಆಯೋಗ ಇದೆ. 14ನೇ ಆಯೋಗ ಕೊಟ್ಟಿದ್ದ ಶೇ 4.713ರ ಪಾಲನ್ನು 15ನೇ ಆಯೋಗ ಶೇ 3.647ಕ್ಕೆ ಇಳಿಸಿದಾಗ ಕರ್ನಾಟಕ ಬಾಯಿ ಬಿಟ್ಟು ಕೇಳಿತು, 2024ರ ಫೆಬ್ರವರಿಯಲ್ಲಿ ದೆಹಲಿಯ ಜಂತರ್ ಮಂತರ್‌ವರೆಗೂ ಹೋಗಿ ಕೇಳಿತು. ಆ ಪ್ರಶ್ನೆಯಲ್ಲಿ ನ್ಯಾಯವಿದೆ ಎಂದೇ ನನ್ನ ಅಭಿಪ್ರಾಯ. ಎಷ್ಟು ಕೊಡಬೇಕು, ಯಾವ ಅಳತೆಗೋಲಿನಲ್ಲಿ ಎಂಬುದನ್ನು ಕೊಡುವವರು ಕೇಳಲೇಬೇಕು. ಆದರೆ ಗಮನಿಸಿ, ನಾವು ಜಗಳವಾಡುವುದು ಕಾಲುವೆಯಲ್ಲಿ ಎಷ್ಟು ನೀರು ಬಿಡಬೇಕು ಎಂದು. ಯೂರೋ ದೇಶಗಳು ಆ ಕಾಲುವೆಯನ್ನು ತೋಡಿಯೇ ಇರಲಿಲ್ಲ. ಯೂರೋಪಿಯನ್ ಒಕ್ಕೂಟದ ಇಡೀ ಬಜೆಟ್ ಅದರ ಸದಸ್ಯ ದೇಶಗಳ ಒಟ್ಟು ವರಮಾನದ ಶೇ 1ರ ಆಸುಪಾಸು. ಅದರ ಮೇಲೆ ಒಂದು ದೇಶದ ಸಾಲವನ್ನು ಇನ್ನೊಂದು ದೇಶ ಹೊರಬೇಕಾಗಿಲ್ಲ ಎಂದು ಒಪ್ಪಂದದಲ್ಲೇ ಬರೆದುಕೊಂಡಿದ್ದರು.

ಅಗ್ಗದ ಬಡ್ಡಿಯ ಹತ್ತು ವರ್ಷ

1992ರ ಫೆಬ್ರವರಿ 7ರಂದು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಊರಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. 1999ರಲ್ಲಿ 11 ದೇಶಗಳೊಡನೆ ಯೂರೋ ಲೆಕ್ಕದ ಪುಸ್ತಕಗಳಲ್ಲಿ ಹುಟ್ಟಿತು, 2002ರ ಜನವರಿ 1ರಂದು ನೋಟು, ನಾಣ್ಯಗಳಾಗಿ ಜನರ ಕೈಗೆ ಬಂತು. ಸೇರುವವರಿಗೆ ಎರಡು ಮುಖ್ಯ ಗೆರೆ ಎಳೆದಿದ್ದರು: ವರ್ಷದ ಬಜೆಟ್ ಕೊರತೆ ಜಿಡಿಪಿಯ ಶೇ 3ರೊಳಗೆ, ಒಟ್ಟು ಸಾಲ ಶೇ 60ರೊಳಗೆ. ಫ್ರಾಂಕ್‌ಫರ್ಟಿನಲ್ಲಿರುವ ಯೂರೋಪಿಯನ್ ಸೆಂಟ್ರಲ್ ಬ್ಯಾಂಕ್, ಅಂದರೆ ಇಸಿಬಿ, ಎಲ್ಲರಿಗೂ ಒಂದೇ ಬಡ್ಡಿದರ ಇಡತೊಡಗಿತು.

ಒಂದೇ ಅಳತೆಯ ಅಂಗಿ ಎಲ್ಲರಿಗೂ ಹೊಂದುವುದಿಲ್ಲ. 2003ರ ಜೂನ್‌ನಿಂದ 2005ರ ಡಿಸೆಂಬರ್‌ವರೆಗೆ ಇಸಿಬಿಯ ದರ ಶೇ 2 ಇತ್ತು. ಮಂದಗತಿಯಲ್ಲಿದ್ದ ಜರ್ಮನಿಗೆ ಅದು ಬೇಕಿತ್ತು. ಮನೆ ಕಟ್ಟುವ ಹುಚ್ಚು ಹಿಡಿದಿದ್ದ ಸ್ಪೇನ್, ಐರ್ಲೆಂಡ್‌ಗಳಿಗೆ ಅದು ಉರಿಯುವ ಬೆಂಕಿಗೆ ತುಪ್ಪ. ಸಾಲ ಕೊಡುವವರೂ ಎಚ್ಚರ ತಪ್ಪಿದ್ದರು. ಯೂರೋಗೆ ಮೊದಲು ಗ್ರೀಸ್ ಸರ್ಕಾರಕ್ಕೆ ಸಾಲ ಕೊಡಲು ಭಾರೀ ಬಡ್ಡಿ ಕೇಳುತ್ತಿದ್ದ ಬ್ಯಾಂಕುಗಳು, ಯೂರೋ ಬಂದ ಮೇಲೆ ಜರ್ಮನಿಗೆ ಕೇಳುವ ಬಡ್ಡಿಗಿಂತ ಶೇಕಡ ಅರ್ಧದಷ್ಟೂ ಹೆಚ್ಚು ಕೇಳದೆ ಕೊಟ್ಟವು. ನಾಣ್ಯ ಒಂದಾದ್ದರಿಂದ ಅಪಾಯವೂ ಒಂದೇ ಎಂದು ತಿಳಿದದ್ದು ಆ ದಶಕದ ದೊಡ್ಡ ತಪ್ಪು ಲೆಕ್ಕ.

ಗ್ರೀಸಿನವರು ಸೋಮಾರಿಗಳು, ಹಾಸಿಗೆ ಇದ್ದಷ್ಟು ಕಾಲು ಚಾಚಲಿಲ್ಲ, ಅನುಭವಿಸಿದರು ಎಂಬ ಮಾತನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ. ಗ್ರೀಸ್ ಸರ್ಕಾರಗಳು ಲೆಕ್ಕ ಮುಚ್ಚಿಟ್ಟದ್ದು ನಿಜ, ತೆರಿಗೆ ವಸೂಲಿ ಸಡಿಲವಾಗಿದ್ದದ್ದೂ ನಿಜ. ಆದರೆ ಬಿಕ್ಕಟ್ಟು ಗ್ರೀಸ್ ಒಂದಕ್ಕೇ ಬರಲಿಲ್ಲವಲ್ಲ. 2007ರಲ್ಲಿ ಸ್ಪೇನಿನ ಸರ್ಕಾರಿ ಸಾಲ ಜಿಡಿಪಿಯ ಶೇ 36ರಷ್ಟು, ಐರ್ಲೆಂಡಿನದು ಶೇ 25ರ ಆಸುಪಾಸು. ಎರಡೂ ದೇಶಗಳ ಬಜೆಟ್‌ನಲ್ಲಿ ಆ ವರ್ಷ ಹಣ ಮಿಕ್ಕಿತ್ತು. ನಿಯಮ ಪಾಲಿಸಿದ ಮಕ್ಕಳು ಅವರು. ಅವರನ್ನು ಮುಳುಗಿಸಿದ್ದು ಖಾಸಗಿ ಬ್ಯಾಂಕುಗಳ ಸಾಲ. ಬ್ಯಾಂಕು ಬಿದ್ದಾಗ ಸರ್ಕಾರ ಅದನ್ನು ತನ್ನ ತಲೆಯ ಮೇಲೆ ಎಳೆದುಕೊಂಡಿತು. ಕೊರತೆ ಶೇ 3, ಸಾಲ ಶೇ 60 ಎಂಬ ಗೆರೆಗಳು ಈ ಅಪಾಯವನ್ನು ನೋಡುತ್ತಲೇ ಇರಲಿಲ್ಲ.

ಹೆದರಿಕೆಯೇ ಸಾಲವನ್ನು ಬೆಳೆಸುವ ಬಗೆ

2009ರ ಅಕ್ಟೋಬರ್‌ನಲ್ಲಿ ಅಧಿಕಾರಕ್ಕೆ ಬಂದ ಜಾರ್ಜ್ ಪಾಪಂಡ್ರೂ ಸರ್ಕಾರ ಹಿಂದಿನ ಲೆಕ್ಕ ಸುಳ್ಳೆಂದು ಒಪ್ಪಿಕೊಂಡಿತು. ಎಲ್ಲ ತಿದ್ದುಪಡಿ ಮುಗಿದಾಗ ಆ ವರ್ಷದ ಕೊರತೆ ಜಿಡಿಪಿಯ ಶೇ 15ನ್ನು ದಾಟಿತ್ತು. ಮಿತಿ ಶೇ 3. 2010ರ ಏಪ್ರಿಲ್ 23ರಂದು ಕಾಸ್ಟೆಲೊರಿಜೊ ಎಂಬ ಪುಟ್ಟ ದ್ವೀಪದಲ್ಲಿ, ನೀಲಿ ಬಂದರನ್ನು ಬೆನ್ನಿಗಿಟ್ಟುಕೊಂಡು, ಪಾಪಂಡ್ರೂ ಹೊರಗಿನ ನೆರವು ಕೇಳಿದರು. ಮೇನಲ್ಲಿ 11,000 ಕೋಟಿ ಯೂರೋ ಸಾಲ ಮಂಜೂರಾಯಿತು: 8,000 ಕೋಟಿ ಯೂರೋ ದೇಶಗಳಿಂದ, 3,000 ಕೋಟಿ ಐಎಂಎಫ್‌ನಿಂದ.

ಇಲ್ಲಿ ಒಂದು ಒಳಗುಟ್ಟು ಇದೆ. ಇಡೀ ವಿಷಯದ ಗುಂಡಿಗೆ ಅದೇ. ಬೆಲ್ಜಿಯಂನ ಅರ್ಥಶಾಸ್ತ್ರಜ್ಞ ಪಾಲ್ ಡಿ ಗ್ರಾವ್ 2011ರಲ್ಲಿ ಅದನ್ನು ಎತ್ತಿ ತೋರಿಸಿದರು. ಆಗ ಬ್ರಿಟನ್ನಿನ ಸಾಲ ಸ್ಪೇನಿನ ಸಾಲಕ್ಕಿಂತ ಹೆಚ್ಚಿತ್ತು. ಆದರೂ ಸ್ಪೇನ್ ಹೆಚ್ಚು ಬಡ್ಡಿ ಕೊಡುತ್ತಿತ್ತು. ಯಾಕೆ? ಬ್ರಿಟನ್ ಪೌಂಡಿನಲ್ಲಿ ಸಾಲ ಮಾಡುತ್ತದೆ, ಪೌಂಡ್ ಅಚ್ಚು ಹಾಕುವ ಬ್ಯಾಂಕ್ ಅದರದೇ ಮನೆಯಲ್ಲಿದೆ. ಸಾಲಪತ್ರವನ್ನು ಯಾರೂ ಕೊಳ್ಳದ ದಿನ ಬಂದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ಕೊಳ್ಳುತ್ತದೆ. ಪೌಂಡಿನ ಬೆಲೆ ಬೀಳಬಹುದು, ದುಡ್ಡೇ ಸಿಗಲಿಲ್ಲ ಎಂದಾಗುವುದಿಲ್ಲ. ಸ್ಪೇನ್ ಯೂರೋದಲ್ಲಿ ಸಾಲ ಮಾಡುತ್ತದೆ, ಯೂರೋ ಅಚ್ಚು ಹಾಕುವುದು ಅದರ ಕೈಯಲ್ಲಿಲ್ಲ. ತನ್ನದೇ ನಾಣ್ಯದಲ್ಲಿ ಮಾಡಿದ ಸಾಲವೂ ಪರದೇಶದ ನಾಣ್ಯದಲ್ಲಿ ಮಾಡಿದ ಸಾಲದಂತೆ ಆಗಿಬಿಡುತ್ತದೆ.

ಹೀಗಾದಾಗ ಹೆದರಿಕೆ ತಾನೇ ತನ್ನನ್ನು ನಿಜ ಮಾಡಿಕೊಳ್ಳುತ್ತದೆ. ಸಾಲ ವಾಪಸು ಬರಲಿಕ್ಕಿಲ್ಲ ಎಂಬ ಸಂಶಯದಲ್ಲಿ ಹೂಡಿಕೆದಾರರು ಬಾಂಡ್ ಮಾರುತ್ತಾರೆ, ಬಾಂಡಿನ ಬೆಲೆ ಬಿದ್ದು ಬಡ್ಡಿ ಏರುತ್ತದೆ. ಆ ಏರಿದ ಬಡ್ಡಿಯಲ್ಲಿ ಹಳೆಯ ಸಾಲ ತೀರಿಸಲು ಹೊಸ ಸಾಲ ಎತ್ತಬೇಕಾದ ಸರ್ಕಾರ ನಿಜವಾಗಿಯೂ ಕೊಡಲಾರದ ಸ್ಥಿತಿಗೆ ಬರುತ್ತದೆ. ಬ್ಯಾಂಕುಗಳ ಕಪಾಟಿನಲ್ಲಿ ತುಂಬಿರುವುದು ಅದೇ ಸರ್ಕಾರದ ಬಾಂಡುಗಳಾದ್ದರಿಂದ ಬ್ಯಾಂಕುಗಳೂ ಅಲ್ಲಾಡುತ್ತವೆ, ಅವನ್ನು ಎತ್ತಿ ಹಿಡಿಯಲು ಸರ್ಕಾರ ಮತ್ತೆ ಸಾಲ ಮಾಡಬೇಕು. ಮುಳುಗುವ ಇಬ್ಬರು ಒಬ್ಬರನ್ನೊಬ್ಬರು ತಬ್ಬಿಕೊಂಡಂತೆ. 2012ರ ಆರಂಭದಲ್ಲಿ ಗ್ರೀಸಿನ ಹತ್ತು ವರ್ಷದ ಬಾಂಡಿನ ಬಡ್ಡಿ ಶೇ 35ನ್ನು ದಾಟಿತು.

ಐರ್ಲೆಂಡ್ 2010ರ ನವೆಂಬರ್‌ನಲ್ಲಿ ಕೈಚಾಚಿತು, ಪೋರ್ಚುಗಲ್ 2011ರಲ್ಲಿ, ತನ್ನ ಬ್ಯಾಂಕುಗಳಿಗಾಗಿ ಸ್ಪೇನ್ 2012ರಲ್ಲಿ, ಸೈಪ್ರಸ್ ಕೂಡ ಅದೇ ವರ್ಷ. ಸ್ಪೇನಿನ ಬಡ್ಡಿ ಶೇ 7.5ನ್ನು ಮೀರಿದ ವಾರದಲ್ಲಿ, 2012ರ ಜುಲೈ 26ರಂದು, ಇಸಿಬಿ ಅಧ್ಯಕ್ಷ ಮಾರಿಯೋ ದ್ರಾಗಿ ಲಂಡನ್ನಿನಲ್ಲಿ ಹೂಡಿಕೆದಾರರ ಮುಂದೆ ಮಾತಾಡಿದರು. ತಮ್ಮ ಅಧಿಕಾರದ ಮಿತಿಯೊಳಗೆ ಯೂರೋ ಉಳಿಸಲು ಏನೇನು ಬೇಕೋ ಎಲ್ಲವನ್ನೂ ಮಾಡುತ್ತೇವೆ ಎಂದರು. ಸೆಪ್ಟೆಂಬರ್‌ನಲ್ಲಿ, ಷರತ್ತಿಗೆ ಒಪ್ಪಿದ ದೇಶದ ಬಾಂಡನ್ನು ಮಿತಿಯಿಲ್ಲದೆ ಕೊಳ್ಳುವ ಯೋಜನೆ ಪ್ರಕಟಿಸಿದರು. ಆ ಯೋಜನೆಯಲ್ಲಿ ಇಂದಿನವರೆಗೆ ಒಂದು ಯೂರೋ ಕೂಡ ಖರ್ಚಾಗಿಲ್ಲ. ಕೊಳ್ಳುವವರೊಬ್ಬರು ಕೊನೆಯಲ್ಲಿ ನಿಂತಿದ್ದಾರೆ ಎಂದು ಗೊತ್ತಾದದ್ದೇ ಸಾಕು, ಮಾರುವವರು ನಿಂತರು. ಹಂಚಿಕೊಂಡ ನಾಣ್ಯ ಬಿಕ್ಕಟ್ಟಿನಲ್ಲಿ ಉಳಿಯಬೇಕಾದರೆ ಮೊದಲು ಬೇಕಾದದ್ದು ಹೀಗೆ ಕೊನೆಯಲ್ಲಿ ಸಾಲ ಕೊಡುವವನು. ಯೂರೋಗೆ ಅವನು ಹುಟ್ಟಿದ್ದು ಅದರ ಹದಿನಾಲ್ಕನೆಯ ವರ್ಷದಲ್ಲಿ.

ಅಷ್ಟರಲ್ಲಿ ಗ್ರೀಸಿನ ಬೆನ್ನು ಮುರಿದಿತ್ತು. 2012ರ ಫೆಬ್ರವರಿಯಲ್ಲಿ ಕನಿಷ್ಠ ವೇತನವನ್ನು ತಿಂಗಳಿಗೆ 751 ಯೂರೋದಿಂದ 586ಕ್ಕೆ ಇಳಿಸಿದರು. 25 ವರ್ಷದೊಳಗಿನವರಿಗೆ ಇನ್ನೂ ಕಡಿಮೆ. ಪಿಂಚಣಿಗೆ ಮತ್ತೆ ಮತ್ತೆ ಕತ್ತರಿ ಬಿತ್ತು. 2013ರಲ್ಲಿ ದುಡಿಯಬಲ್ಲ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಕೆಲಸವಿರಲಿಲ್ಲ, ಯುವಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ. ಜಿಡಿಪಿ ಸುಮಾರು ಕಾಲುಭಾಗ ಕರಗಿತು. ಸಾಲ ಕೊಟ್ಟ ಖಾಸಗಿಯವರ ಬಾಂಡಿನ ಮುಖಬೆಲೆಯಲ್ಲಿ ಶೇ 53.5 ಮನ್ನಾ ಆದ ಮೇಲೂ, 2009ರಲ್ಲಿ ಜಿಡಿಪಿಯ ಶೇ 127ರಷ್ಟಿದ್ದ ಸಾಲ 2014ರಲ್ಲಿ ಶೇ 175ನ್ನು ಮೀರಿತ್ತು. ಇಷ್ಟು ಕತ್ತರಿಸಿದರೆ ಆರ್ಥಿಕತೆ ಎಷ್ಟು ಕುಗ್ಗುತ್ತದೆ ಎಂಬ ಅಂದಾಜೇ ತಪ್ಪಾಗಿತ್ತು ಎಂದು ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯೆ ಬ್ಲಾಂಶಾರ್ ಮತ್ತು ಡೇನಿಯಲ್ ಲೀ 2013ರ ಆರಂಭದಲ್ಲಿ ಬರೆದರು. ಆ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು. ಆದರೆ ತಪ್ಪಿದ ಲೆಕ್ಕದ ಹಣ ಕಟ್ಟಿದವರು ಕೆಲಸ ಕಳೆದುಕೊಂಡವರು.

ಬ್ಯಾಂಕಿನ ಬಾಗಿಲು ಮುಚ್ಚಿದ ಮೂರು ವಾರ

ಒಂದು ದೇಶ ಯೂರೋ ಬಿಡುವುದೆಂದರೆ ಹೇಗೆ? ಒಪ್ಪಂದದಲ್ಲಿ ಅದಕ್ಕೆ ದಾರಿಯೇ ಬರೆದಿಲ್ಲ. ಆದರೆ 2015ರ ಬೇಸಿಗೆಯಲ್ಲಿ ಗ್ರೀಸ್ ಆ ಬಾಗಿಲ ಹೊಸ್ತಿಲವರೆಗೆ ಹೋಗಿ ಬಂತು. ಯಂತ್ರ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂಬುದು ಆಗ ಎಲ್ಲರ ಕಣ್ಣಿಗೆ ಬಿತ್ತು.

ಏಥೆನ್ಸಿನ ಒಬ್ಬ ಖಾತೆದಾರ ಹೆದರಿ ತನ್ನ 10,000 ಯೂರೋವನ್ನು ಫ್ರಾಂಕ್‌ಫರ್ಟಿನ ಬ್ಯಾಂಕಿಗೆ ವರ್ಗಾಯಿಸಿದ ಎನ್ನಿ. ನೋಟಿನ ಕಟ್ಟು ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ. ಏಥೆನ್ಸಿನ ಆ ಬ್ಯಾಂಕು ಗ್ರೀಸಿನ ಕೇಂದ್ರ ಬ್ಯಾಂಕಿನಲ್ಲಿಟ್ಟ ಖಾತೆಯಲ್ಲಿ 10,000 ಕಡಿಮೆಯಾಗುತ್ತದೆ. ಗ್ರೀಸಿನ ಕೇಂದ್ರ ಬ್ಯಾಂಕು ಇಸಿಬಿಗೆ 10,000 ಬಾಕಿದಾರ ಆಗುತ್ತದೆ. ಜರ್ಮನಿಯ ಕೇಂದ್ರ ಬ್ಯಾಂಕಿಗೆ ಇಸಿಬಿಯಿಂದ 10,000 ಬರಬೇಕು ಎಂದು ಬರೆಯಲಾಗುತ್ತದೆ. ಟಾರ್ಗೆಟ್ ಎಂಬ ಪಾವತಿ ಜಾಲದಲ್ಲಿ ಇದು ಕ್ಷಣದ ಕೆಲಸ. ಹೀಗೆ ದಕ್ಷಿಣದಿಂದ ಓಡಿಬಂದ ಹಣದಿಂದಾಗಿ ಜರ್ಮನಿಗೆ ಬರಬೇಕಾದ ಬಾಕಿ 2012ರ ಆಗಸ್ಟ್‌ನಲ್ಲಿ 75,000 ಕೋಟಿ ಯೂರೋ ದಾಟಿತ್ತು.

ಖಾತೆಯಲ್ಲಿ ಹಣ ಮುಗಿದ ಬ್ಯಾಂಕು ಅಡವಿಟ್ಟು ಸಾಲ ಪಡೆಯಬೇಕು. ಅಡವಿನ ಕಾಗದಗಳು ಇಸಿಬಿಗೆ ಒಪ್ಪಿಗೆಯಾಗದಿದ್ದರೆ ಕೊನೆಯ ದಾರಿ ಇಎಲ್‌ಎ ಎಂಬ ತುರ್ತು ನೆರವು: ಆಯಾ ದೇಶದ ಕೇಂದ್ರ ಬ್ಯಾಂಕು ತನ್ನ ಹೊಣೆಯಲ್ಲಿ ಕೊಡುವ ಸಾಲ. ಎಷ್ಟು ಕೊಡಬಹುದು ಎಂಬುದಕ್ಕೆ ಮಾತ್ರ ಇಸಿಬಿ ಮಂಡಳಿ ಕಡಿವಾಣ ಹಾಕಬಹುದು. ಜೂನ್ 27ರ ಮುಂಜಾವಿನಲ್ಲಿ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್, ಸಾಲದ ಷರತ್ತುಗಳ ಮೇಲೆ ಜನಮತ ಕೇಳುವುದಾಗಿ ಘೋಷಿಸಿದರು. ಎಟಿಎಂಗಳ ಮುಂದೆ ಸಾಲು ಬೆಳೆಯಿತು. ಮರುದಿನ ಭಾನುವಾರ ಇಸಿಬಿ ಆ ತುರ್ತು ನೆರವನ್ನು ಇದ್ದಲ್ಲಿಗೇ, ಸುಮಾರು 8,900 ಕೋಟಿ ಯೂರೋಗೆ, ನಿಲ್ಲಿಸಿತು. ಹೊರಗೆ ಹೋಗುವ ಹಣಕ್ಕೆ ಬದಲಾಗಿ ಒಳಗೆ ಬರುವ ಹಣ ಇನ್ನಿಲ್ಲ. ಸೋಮವಾರದಿಂದ ಬ್ಯಾಂಕುಗಳು ತೆರೆಯಲಿಲ್ಲ. ಒಬ್ಬರಿಗೆ ದಿನಕ್ಕೆ 60 ಯೂರೋ, ಎಟಿಎಂನಲ್ಲಿ ಮಾತ್ರ. ಕಾರ್ಡ್ ಇಲ್ಲದ ಪಿಂಚಣಿದಾರರಿಗಾಗಿ ಕೆಲವು ಶಾಖೆಗಳನ್ನು ತೆರೆದು 120 ಯೂರೋ ಕೊಟ್ಟರು. ಥೆಸಲೊನಿಕಿಯ ಬ್ಯಾಂಕೊಂದರ ಹೊರಗೆ ಒಬ್ಬ ಮುದುಕ ನೆಲದ ಮೇಲೆ ಕುಸಿದು ಕೂತು ಅಳುತ್ತಿರುವ ಚಿತ್ರವನ್ನು ಜಗತ್ತೆಲ್ಲ ನೋಡಿತು. ನಾನೂ ನೋಡಿದೆ. ಯೂರೋ ಬಗ್ಗೆ ಯಾವ ಅಂಕಿ ಅಂಶ ಓದಿದರೂ ಆ ಮುಖ ನೆನಪಾಗುತ್ತದೆ.

ಅವೇ ದಿನಗಳಲ್ಲಿ ಜನರ ಕೈಯಲ್ಲಿದ್ದ ಹಳೆಯ ಸರಣಿಯ ಯೂರೋ ನೋಟುಗಳ ಸಂಖ್ಯೆಯ ಮೊದಲಲ್ಲಿ ಒಂದು ಅಕ್ಷರ ಇರುತ್ತಿತ್ತು: ಜರ್ಮನಿಯದಕ್ಕೆ ‘ಎಕ್ಸ್’, ಗ್ರೀಸಿನದಕ್ಕೆ ‘ವೈ’. ಕಾನೂನಿನ ಪ್ರಕಾರ ಎರಡಕ್ಕೂ ಬೆಲೆ ಒಂದೇ, ಅಂಗಡಿಯಲ್ಲೂ ಒಂದೇ. ಆದರೆ ಏಥೆನ್ಸಿನ ಬ್ಯಾಂಕಿನೊಳಗೆ ಅಂಕಿಯಾಗಿ ಕೂತಿದ್ದ ಯೂರೋ ಮತ್ತು ಬರ್ಲಿನ್ನಿನ ಬ್ಯಾಂಕಿನಲ್ಲಿದ್ದ ಯೂರೋ ಆ ಮೂರು ವಾರ ಒಂದೇ ಆಗಿರಲಿಲ್ಲ. ಒಂದನ್ನು ಯಾವಾಗ ಬೇಕಾದರೂ ತೆಗೆಯಬಹುದಿತ್ತು, ಇನ್ನೊಂದನ್ನು ದಿನಕ್ಕೆ 60ರಂತೆ.

ಇನ್ನೊಂದಿಷ್ಟು ದಿನ ಹೀಗೇ ಹೋಗಿದ್ದರೆ ಸರ್ಕಾರ ನೌಕರರಿಗೆ ಯೂರೋ ಬದಲು ಹುಂಡಿಯಂಥ ಚೀಟಿ ಕೊಡಬೇಕಾಗುತ್ತಿತ್ತು. ಅಂಗಡಿಯವನು ಅದನ್ನು ಮುಖಬೆಲೆಗಿಂತ ಕಡಿಮೆಗೆ ತೆಗೆದುಕೊಳ್ಳುತ್ತಿದ್ದ. ಹೊಸ ಡ್ರಾಕ್ಮಾ ಹಾಗೆ ಹುಟ್ಟುತ್ತಿತ್ತು. ಹೊರಗಿನವರ ಸಾಲ ಮಾತ್ರ ಯೂರೋದಲ್ಲೇ ಉಳಿಯುತ್ತಿತ್ತು. ಜುಲೈ 5ರಂದು ಶೇ 61 ಜನ ಷರತ್ತುಗಳನ್ನು ತಿರಸ್ಕರಿಸಿದರು. ಒಂದು ವಾರದ ನಂತರ, ಇಡೀ ರಾತ್ರಿ ನಡೆದ ಸಭೆಯ ಕೊನೆಗೆ, ಅದೇ ಸಿಪ್ರಾಸ್ ಇನ್ನೂ ಕಠಿಣ ಷರತ್ತಿಗೆ ತಲೆಬಾಗಿದರು. ಗ್ರೀಸನ್ನು ಕೆಲಕಾಲ ಯೂರೋದಿಂದ ಹೊರಗಿಡುವ ಮಾತನ್ನು ಜರ್ಮನಿಯ ಹಣಕಾಸು ಸಚಿವ ವುಲ್ಫ್‌ಗಾಂಗ್ ಶೊಯ್ಬ್ಲೆ ಆ ಸಭೆಗೆ ಮುಂಚೆ ಎತ್ತಿದ್ದರು. 8,600 ಕೋಟಿ ಯೂರೋವರೆಗಿನ ಮೂರನೆಯ ಸಾಲ ಬಂತು. ಜುಲೈ 20ರಂದು ಬ್ಯಾಂಕುಗಳು ತೆರೆದವು, ಹಣದ ಮೇಲಿನ ನಿರ್ಬಂಧ ಪೂರ್ತಿ ತೆರವಾಗಲು 2019ರ ಸೆಪ್ಟೆಂಬರ್ ಬರಬೇಕಾಯಿತು.

ಗ್ರೀಸಿನ ಜನ ಇಷ್ಟೆಲ್ಲ ಆದರೂ ಯೂರೋ ಬಿಡಲು ಯಾಕೆ ಒಪ್ಪಲಿಲ್ಲ ಎಂದು ಹಲವರು ಕೇಳುತ್ತಾರೆ. ಬಿಡುವ ಸುದ್ದಿ ಹರಡಿದರೇ ಸಾಕು, ಎಲ್ಲರೂ ಬ್ಯಾಂಕಿಗೆ ಓಡುತ್ತಾರೆ. ಹೊರಗೆ ಖಾತೆ ಇರುವ ಉಳ್ಳವರು ಮೊದಲೇ ಪಾರಾಗಿರುತ್ತಾರೆ, ಸಂಬಳ, ಪಿಂಚಣಿ ನಂಬಿದವರು ಹೊಸ ನಾಣ್ಯದೊಂದಿಗೆ ಕುಸಿಯುತ್ತಾರೆ. ಗ್ರೀಸಿನ ಜನ ಎರಡು ಸಂಕಟಗಳನ್ನು ತೂಗಿ ನೋಡಿದ್ದರು.

ಸುಸೂತ್ರವಾಗಿ ಬೇರೆಯಾದವರೂ ಇದ್ದಾರೆ. 1993ರ ಜನವರಿ 1ರಂದು ಇಬ್ಭಾಗವಾದ ಚೆಕ್ ಮತ್ತು ಸ್ಲೊವಾಕಿಯಾ ಹಳೆಯ ಕೊರುನಾವನ್ನು ಕೆಲಕಾಲ ಹಂಚಿಕೊಳ್ಳುವುದೆಂದು ಮಾತಾಗಿತ್ತು. ಹಣ ಪಶ್ಚಿಮಕ್ಕೆ ಜಾರತೊಡಗಿದಾಗ ಫೆಬ್ರವರಿ 8ಕ್ಕೇ ಬೇರೆ ಮಾಡಿದರು, ಹಳೆಯ ನೋಟಿಗೆ ಚೀಟಿ ಅಂಟಿಸಿ ಹೊಸ ನೋಟೆಂದು ಚಲಾವಣೆಗೆ ಬಿಟ್ಟರು. ಎರಡೂ ಕಡೆ ಮನಸ್ಸಿತ್ತು, ಪರಸ್ಪರ ಸಾಲದ ಹೊರೆ ದೊಡ್ಡದಿರಲಿಲ್ಲ. ಸೋವಿಯತ್ ಒಡೆದ ಮೇಲಿನ ರೂಬಲ್ ವಲಯ ಅಷ್ಟು ಮರ್ಯಾದೆಯಿಂದ ಮುಗಿಯಲಿಲ್ಲ: ನೋಟು ಅಚ್ಚು ಹಾಕುವುದು ಮಾಸ್ಕೋ, ಆದರೆ ಪ್ರತಿ ಗಣರಾಜ್ಯದ ಕೇಂದ್ರ ಬ್ಯಾಂಕೂ ರೂಬಲ್ ಸಾಲ ಸೃಷ್ಟಿಸಬಹುದಿತ್ತು. ಬೆಲೆ ಏರಿಕೆ ಹೊತ್ತಿ ಉರಿದು, 1993ರ ಜುಲೈನಲ್ಲಿ ರಷ್ಯಾ ಹಳೆಯ ನೋಟುಗಳನ್ನೇ ರದ್ದು ಮಾಡಿ ಕೈತೊಳೆದುಕೊಂಡಿತು.

ಈಗ ಎಲ್ಲಿಗೆ ಬಂದಿದೆ

ಬಿಕ್ಕಟ್ಟಿನ ನಡುವೆಯೇ ಎಸ್ಟೋನಿಯಾ 2011ರಲ್ಲಿ, ಲಾಟ್ವಿಯಾ 2014ರಲ್ಲಿ, ಲಿಥುವೇನಿಯಾ 2015ರಲ್ಲಿ ಯೂರೋ ಸೇರಿದವು. 2026ರ ಜನವರಿ 1ರಂದು ಬಲ್ಗೇರಿಯಾ ಸೇರಿ ಸಂಖ್ಯೆ 21 ಆಯಿತು. ಬಿಟ್ಟು ಹೋದ ದೇಶ ಒಂದೂ ಇಲ್ಲ. ಗ್ರೀಸ್ 2018ರ ಆಗಸ್ಟ್ 20ರಂದು ಸಾಲದ ಷರತ್ತುಗಳಿಂದ ಹೊರಬಂತು.

ನಡುವೆ ಊರು ಕೊಳ್ಳೆ ಹೋದ ಮೇಲಾದರೂ ಕೋಟೆಗೆ ಒಂದೊಂದೇ ಬಾಗಿಲು ಕೂರಿಸಿದ್ದಾರೆ. 2012ರಲ್ಲಿ 50,000 ಕೋಟಿ ಯೂರೋ ಸಾಲ ಕೊಡಬಲ್ಲ ಶಾಶ್ವತ ನಿಧಿ ಬಂತು. 2014ರ ನವೆಂಬರ್‌ನಿಂದ ದೊಡ್ಡ ಬ್ಯಾಂಕುಗಳ ಮೇಲೆ ಇಸಿಬಿಯೇ ಕಣ್ಣಿಟ್ಟಿದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ 2020ರ ಜುಲೈನದು. ಕೋವಿಡ್ ಹೊಡೆತಕ್ಕೆ ಯೂರೋಪಿಯನ್ ಒಕ್ಕೂಟ ತನ್ನ ಹೆಸರಿನಲ್ಲೇ 75,000 ಕೋಟಿ ಯೂರೋವರೆಗೆ ಸಾಲ ಎತ್ತಲು ಒಪ್ಪಿತು. ಅದರಲ್ಲಿ 39,000 ಕೋಟಿಯನ್ನು ಸದಸ್ಯ ದೇಶಗಳು ವಾಪಸು ಕೊಡಬೇಕಾಗಿಲ್ಲದ ಅನುದಾನವಾಗಿ ಹಂಚಲು ತೀರ್ಮಾನಿಸಿತು. ಇಟಲಿ, ಸ್ಪೇನ್‌ಗಳಿಗೆ ದೊಡ್ಡ ಪಾಲು ಹೋಯಿತು. ಅದಕ್ಕೂ ಹತ್ತು ವರ್ಷ ಹಿಂದೆ ಇದು ಸಾಧ್ಯವೇ ಇಲ್ಲ ಎನ್ನುತ್ತಿದ್ದರು. ಅದು ಕಾಲುವೆಯ ಮೊದಲ ಗುದ್ದಲಿ. ಒಂದೇ ಸಲಕ್ಕೆ ಎಂಬ ಷರತ್ತಿನ ಮೇಲೆ ಹಾಕಿದ್ದು.

ಹಾಗಾಗಿ ಯಾರಾದರೂ ಬ್ರಿಕ್ಸ್ ನಾಣ್ಯದ ಬಗ್ಗೆ, ಪಶ್ಚಿಮ ಆಫ್ರಿಕಾದವರು ಮತ್ತೆ ಮತ್ತೆ ಮುಂದೂಡುತ್ತಿರುವ ‘ಇಕೋ’ ನಾಣ್ಯದ ಬಗ್ಗೆ ಹೇಳಿದಾಗ ನಾನು ನೋಟಿನ ವಿನ್ಯಾಸ ನೋಡುವುದಿಲ್ಲ. ಯಾರೂ ಕೊಳ್ಳದ ದಿನ ಸಾಲಪತ್ರ ಕೊಳ್ಳುವವರು ಯಾರು, ಬಿದ್ದ ಬ್ಯಾಂಕಿನ ನಷ್ಟ ಯಾವ ಖಜಾನೆಯಿಂದ ಹೋಗುತ್ತದೆ, ಗೆದ್ದ ದೇಶದ ಮತದಾರ ಸೋತ ದೇಶಕ್ಕೆ ಹಣ ಕಳಿಸಲು ಒಪ್ಪುತ್ತಾನೆಯೇ ಎಂದು ಕೇಳುತ್ತೇನೆ. ಯೂರೋ ಆರೋಗ್ಯ ತಿಳಿಯಬೇಕೆನ್ನುವವರು ಜರ್ಮನಿಯ ಮತ್ತು ಇಟಲಿಯ ಹತ್ತು ವರ್ಷದ ಬಾಂಡುಗಳ ಬಡ್ಡಿಯ ಅಂತರವನ್ನು ಗಮನಿಸುತ್ತಿರಬೇಕು. ಇಟಲಿಯಲ್ಲಿ ಜನ ಅದನ್ನು ‘ಸ್ಪ್ರೆಡ್’ ಎನ್ನುತ್ತಾರೆ. 2011ರ ನವೆಂಬರ್‌ನಲ್ಲಿ ಅದು ಶೇ 5ನ್ನು ದಾಟಿದಾಗ ಪ್ರಧಾನಿ ಬೆರ್ಲುಸ್ಕೋನಿ ರಾಜೀನಾಮೆ ಕೊಡಬೇಕಾಯಿತು.

ಒಂದು ಬಾಗಿಲು ಇನ್ನೂ ಕೂತಿಲ್ಲ. ಭಾರತದಲ್ಲಿ ಬ್ಯಾಂಕೊಂದು ಮುಳುಗಿದರೆ ಖಾತೆದಾರನಿಗೆ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆ ಇದೆ. ಬೀದರಿನವನಿಗೂ ಪಟ್ನಾದವನಿಗೂ ಅದನ್ನು ಕೊಡುವುದು ಒಂದೇ ನಿಗಮ. ಯೂರೋ ವಲಯದಲ್ಲಿ 1 ಲಕ್ಷ ಯೂರೋವರೆಗೆ ಖಾತರಿ ಇದೆ, ಎಲ್ಲ ದೇಶದಲ್ಲೂ ಅಷ್ಟೇ ಮೊತ್ತ. ಆದರೆ ಗ್ರೀಸಿನ ಖಾತೆದಾರನಿಗೆ ಗ್ರೀಸಿನ ನಿಧಿಯೇ ಕೊಡಬೇಕು, ಜರ್ಮನಿಯವನಿಗೆ ಜರ್ಮನಿಯದು. ಎಲ್ಲರಿಗೂ ಸೇರಿ ಒಂದೇ ವಿಮೆ ಇರಲಿ ಎಂಬ ಪ್ರಸ್ತಾವವನ್ನು ಯೂರೋಪಿಯನ್ ಕಮಿಷನ್ ಮುಂದಿಟ್ಟದ್ದು 2015ರ ನವೆಂಬರ್‌ನಲ್ಲಿ, ಏಥೆನ್ಸಿನ ಬ್ಯಾಂಕುಗಳು ಮತ್ತೆ ತೆರೆದ ನಾಲ್ಕು ತಿಂಗಳಿಗೆ. ಅದಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.